ಹುಚ್ಚರಂಗಯ್ಯನವರ ಬಂಡಾಯ

ಲಾ ಓದುವ ಬೀದಿಯ ಹುಡುಗ ಸಿದ್ಧಾರ್ಥ್ ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದ ಒಂದು ಸಾಲು ಪುರಸಭಾ ಸದಸ್ಯ ಹುಚ್ಚರಂಗಯ್ಯನವರನ್ನು ಉಬ್ಬಿಸಿಬಿಟ್ಟಿತು: 'ನಮ್ಮ ಸದಸ್ಯರು ಪಕ್ಷ ಹೇಳಿದಂತೆ ಮತ ಹಾಕಿದ್ದು ನೂರಕ್ಕೆ ನೂರು.' ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ದಾಟದ ಅವರು ಖುಷಿಗೆ ಬೀದಿಯವರಿಗೆಲ್ಲ ಟೀ ಕೊಡಿಸಿದರು.

ಟೀ ಕುಡಿದು ಮುಗಿಸಿದ ಮೇಲೆ ಎದುರುಮನೆಯ ಟೈಲರ್ ಶಹರ್ ಬಾನು ನಿಜ ಹೇಳಿದಳು. "ಅಣ್ಣಾ, ಅದು ಹೊಗಳಿಕೆ ಅಲ್ಲ ಕಣಣ್ಣ. ಪಕ್ಷದೋರು ಎತ್ತು ಅಂದ್ರೆ ಎತ್ತೋ ಕೈ ಅಂತ ಆಡ್ಕಂಡವ್ನೆ. ಇವತ್ತೂ ಎತ್ತು. ಊರಿನ ಎಳನೀರು ಬುರುಡೆ ಎಲ್ಲಾ ನಮ್ಮ ಬೀದಿ ಹಿಂದ್ಲ ಸೈಟಿಗೆ ಬಂದು ಬೀಳ್ಲಿ. ಸೊಳ್ಳೆ ಸಾಕ್ಕೊಂಡಿರಾನ."

ಹುಚ್ಚರಂಗಯ್ಯನವರ ಮುಖ ಕೌಟು ಕೊಬ್ಬರಿ ಕಚ್ಚಿದಂತಾಯಿತು. ಮಧ್ಯಾಹ್ನದ ಪುರಸಭೆಯ ಸಭೆಯಲ್ಲಿ, ಬುರುಡೆಯನ್ನೆಲ್ಲ ಆ ಸೈಟಿಗೆ ಸುರಿಯುವ ನಿರ್ಣಯದ ಪರ ಮತ ಹಾಕಲೇಬೇಕೆಂದು ಪಕ್ಷ ವಿಪ್ ಕೊಟ್ಟಿತ್ತು. ಮೀರಿದರೆ ಸದಸ್ಯತ್ವವೇ ಹೋದೀತು.

"ಹೋದ್ರೆ ಹೋಗ್ಲಿ ಬುಡು! ಇವತ್ತು ವಿರೋಧಾನೇ!" ಎಂದವರೇ, ಪಕ್ಷದವರು ಮನಸ್ಸು ಕೆಡಿಸಬಾರದೆಂದು ಮೊಬೈಲ್ ಆಫ್ ಮಾಡಿದರು.

ಸ್ವಲ್ಪ ಹೊತ್ತಿಗೆ ಪಕ್ಷದ ಜೀಪು ಬೀದಿಗೆ ನುಗ್ಗಿತು. ಹುಚ್ಚರಂಗಯ್ಯ ಬಾನುವಿನ ಅಂಗಡಿಯ ಪರದೆಯ ಹಿಂದೆ ಸೇರಿಕೊಂಡರು. ಜೀಪಿನವರು ಬಾಯಿ ತೆರೆಯುವ ಮೊದಲೇ ನೆರೆಮನೆಯ ಭೈರಮ್ಮ ಸಹಾಯಕ್ಕೆ ನಿಂತಳು. "ನಮ್ಮ ರಂಗಯ್ಯ ಬಾನು ಅಂಗ್ಡೀಲಂತೂ ಇಲ್ಲ ಕಣ್ರಪ್ಪ. ಪರದೆ ಹಿಂದೆ ಯಾರೂ ಇಲ್ವೇ ಇಲ್ಲ!"

ಹುಚ್ಚರಂಗಯ್ಯ ಹಿಂಬಾಗಿಲಿನಿಂದ ಓಡಿ, ತೆಂಗಿನ ಮಟ್ಟೆ ತುಂಬಿಕೊಂಡು ಹೊರಟಿದ್ದ ಟೆಂಪೊ ಹತ್ತಿ ಮಟ್ಟೆಯೊಳಗೆ ಹುದುಗಿದರು. ಪುರಸಭೆ ಬಂದಾಗ ಕೂಗಿದರು. ಡ್ರೈವರ್‌ಗೆ ಕೇಳಿಸಿದ್ದು ಊರು ದಾಟಿ ಎಷ್ಟೋ ದೂರದ ದಬ್ಬೇಘಟ್ಟದಲ್ಲಿ. ಅಲ್ಲಿಂದ ಬಸ್ಸು ಹಿಡಿದು ಸಭೆಗೆ ಓಡಿಬಂದಾಗ ಅವರ ತಲೆ ನಾರು ಮೆತ್ತಿ ಗುಬ್ಬಚ್ಚಿ ಗೂಡಿನಂತಿತ್ತು.

"ರಂಗಯ್ಯ, ಒಂದ್ಮಾತು..." ಎಂದು ಪಕ್ಷದ ನಾಯಕ ಸೂರ್ಯಪ್ರಕಾಶ್ ಎದ್ದರು.

"ಒಂದೂ ಕೇಳಲ್ಲ ಸಾರ್!" ಹುಚ್ಚರಂಗಯ್ಯ ಎರಡೂ ಕಿವಿ ಮುಚ್ಚಿಕೊಂಡು ಕೂತವರು, ಅಧ್ಯಕ್ಷರು ಎದ್ದ ಮೇಲೇ ಕೈ ತೆಗೆದರು.

ಅಧ್ಯಕ್ಷರು ನಿರ್ಣಯ ಓದಿ, "ವಿರೋಧಿಸೋರು ಕೈ ಎತ್ತಿ" ಎಂದರು.

ಹುಚ್ಚರಂಗಯ್ಯ ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ಎರಡೂ ಕೈ ಎತ್ತಿದರು. ಯಾರೂ ಬೈಯಲಿಲ್ಲ. ಮೆಲ್ಲನೆ ಒಂದು ಕಣ್ಣು ತೆರೆದರು. ಪಕ್ಷದವರ ಕೈಗಳೆಲ್ಲ ಮೇಲಿದ್ದವು. ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ಸೂರ್ಯಪ್ರಕಾಶರದು!

ಪಕ್ಕದ ಸದಸ್ಯ ಗಂಗರಾಜು ಪಿಸುಗುಟ್ಟಿದ. "ಆ ಸೈಟಿನ ಮಗ್ಗುಲಲ್ಲೇ ಸೂರ್ಯಪ್ರಕಾಶ್ ಸಾಹೇಬ್ರ ಭಾಮೈದ ಲೇಔಟ್ ಮಾಡ್ತಾನಂತೆ ಕಣ್ಲಾ. ಬೆಳಗ್ಗೇನೇ ವಿಪ್ ಬದ್ಲಾಯ್ತು. ಹೇಳಾನ ಅಂತ ಜೀಪ್ ಕಳ್ಸಿದ್ರೆ ನೀನೆಲ್ಲಿ ಹೋಗಿದ್ದೆ?"

ನಿರ್ಣಯ ಬಿದ್ದುಹೋಯಿತು. ಸೂರ್ಯಪ್ರಕಾಶ್ ಓಡಿಬಂದು ಹುಚ್ಚರಂಗಯ್ಯನವರನ್ನು ಅಪ್ಪಿಕೊಂಡರು. "ಫೋನಿಲ್ಲ, ಮಾತಿಲ್ಲ. ಆದ್ರೂ ಪಕ್ಷದ ಮನಸ್ಸು ತಿಳ್ಕೊಂಡು ಎರಡೂ ಕೈ ಎತ್ತಿದ್ರಲ್ಲ! ಇವತ್ತಿಂದ ನಮ್ಮ ಪಕ್ಷದ ವಿಪ್ ಕೊಡೋರು ನೀವೇ!"

ಚಪ್ಪಾಳೆ ಬಿತ್ತು.

"ಬುರುಡೇನ ಎಲ್ಲಾದ್ರೂ ಹಾಕ್ಲೇಬೇಕಲ್ಲ ರಂಗಯ್ಯ," ಸೂರ್ಯಪ್ರಕಾಶ್ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು. "ಮುಂದಿನ ಸಭೇಲಿ ನಿಮ್ಮ ಮನೆ ಪಕ್ಕದ ಬಯಲಿಗೆ ನಿರ್ಣಯ ತರ್ತೀವಿ. ನಮ್ಮೋರು ಒಬ್ರೂ ಕೈ ತಪ್ಪಿಸ್ದಂಗೆ ನೋಡ್ಕಳದು ನಿಮ್ಮ ಜವಾಬ್ದಾರಿ."