ಜಗಲಿ ಬೀದಿಯ ಅಭಿಪ್ರಾಯ ಸಂಗ್ರಹ

ನಮ್ಮ ಪ್ಲಾನಿಂಗ್ ಸಾರ್‌ಗೆ ಒಂದು ಅಭ್ಯಾಸವಿದೆ. ಜನ ಮಾತಾಡಲು ಬಾಯಿ ತೆರೆದ ಕೂಡಲೇ ಅವರು ಪೆನ್ನಿನ ಕ್ಯಾಪ್ ಮುಚ್ಚುತ್ತಾರೆ. ಜನರ ಅಭಿಪ್ರಾಯ ಕೇಳುವುದೇ ನಮ್ಮ ಆಫೀಸಿನ ಕೆಲಸವಾದ್ದರಿಂದ ಬರೆದುಕೊಳ್ಳುವ ಪಾಡು ನನ್ನದು. ನಾನೋ, ಕಂಡಕ್ಟರ್‌ಗೆ 'ಸ್ಟಾಪ್ ಬಂತು' ಅನ್ನಲೂ ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯುವವಳು. ಹೀಗಿರುವಾಗ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ.

ಈ ಸಲ ಮುಳಬಾಗಿಲಿನ ಒಂದು ಹಳೇ ಬೀದಿ. ಮನೆಗೊಂದು ಕಲ್ಲಿನ ಜಗಲಿ. ರಸ್ತೆ ಅಗಲ ಮಾಡುವ ನಕ್ಷೆಯಲ್ಲಿ ಆ ಜಗಲಿಗಳೇ ಇರಲಿಲ್ಲ. ವಾರದೊಳಗೆ ಜನ ಬೇಡ ಎನ್ನದಿದ್ದರೆ ಅದೇ ನಕ್ಷೆ ಖಾಯಂ. ಅಂದರೆ ನನ್ನ ಫಾರಂ ಖಾಲಿ ಉಳಿದರೆ ಜಗಲಿಗಳು ಹೋದ ಹಾಗೆಯೇ.

೧

'ತಮ್ಮ ಬೀದಿಯ ಸ್ವರೂಪದ ಕುರಿತು ತಮ್ಮ ಅನಿಸಿಕೆಯೇನು?' ಎಂದು ಬಸ್ಸಿನಲ್ಲಿ ಇಪ್ಪತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಅಷ್ಟನ್ನೂ ಕೇಳಿ, "ಕೂರ್ಚೋಮ್ಮಾ" ಎಂದು ತೆಲುಗಿನಲ್ಲೇ ಕರೆದು ಪಕ್ಕದ ಕಲ್ಲು ತಟ್ಟಿದರು.

"ಯಾವೂರು?"

"ಯಲ್ದೂರು."

"ಯಾರ ಮನೆ? ಮಾವಿನ ತೋಪಿದ್ಯಾ? ಅಣ್ಣನಿಗೆ ಎಲ್ಲಿಂದ ತಂದ್ರು ಹೆಣ್ಣು? ನಿಂಗ್ಯಾಕೆ ಇನ್ನೂ ಆಗಿಲ್ಲ?"

ಒಂದು ಗಂಟೆಯಾದರೂ ನನ್ನ ಫಾರಂ ಖಾಲಿ. ಅಜ್ಜಿಯ ಹತ್ತಿರ ಮಾತ್ರ ನಮ್ಮ ಮನೆತನದ ಸಮಗ್ರ ವರದಿ ಸಿದ್ಧವಾಗಿತ್ತು.

೨

ಸಭೆ ಕರೆದೆವು. ಒಬ್ಬರೂ ಬರಲಿಲ್ಲ. ಅಜ್ಜಿಯ ಎದುರು ಮನೆಯ ನಿವೃತ್ತ ಮೇಷ್ಟ್ರು ಇಣುಕಿ ನೋಡಿ, "ಶಾಮಿಯಾನ ಇಲ್ಲ, ಮೈಕ್ ಇಲ್ಲ, ಇದನ್ನ ಸಭೆ ಅಂತ ಯಾರಮ್ಮ ನಂಬ್ತಾರೆ?" ಎಂದರು.

ಮಾರನೇ ದಿನ ಎರಡನ್ನೂ ಹಾಕಿಸಿದೆವು. ಬೀದಿಗೆ ಬೀದಿಯೇ ಬಂತು. ಪ್ರಾರ್ಥನೆ, ಸ್ವಾಗತ, ಸಾರ್‌ಗೆ ಶಾಲು, ಪೇಟ, ಆಮೇಲೆ ಮೇಷ್ಟ್ರ ಒಂದೂವರೆ ಗಂಟೆಯ ಪ್ರಾಸ್ತಾವಿಕ. 'ಈಗ ನಾಗರಿಕರ ಅಭಿಪ್ರಾಯ' ಎನ್ನುವ ಹೊತ್ತಿಗೆ ಯಾರೋ ಟೊಮ್ಯಾಟೊ ಬಾತಿನ ಪಾತ್ರೆ ತೆರೆದರು. ಆ ದಿನ ನನ್ನ ಪುಸ್ತಕದಲ್ಲಿ ದಾಖಲಾದದ್ದು ಒಂದೇ ಅಭಿಪ್ರಾಯ: ಉಪ್ಪು ಕಮ್ಮಿ.

೩

ಕೊನೆಯ ದಿನ. ಬೀದಿಯ ದೊಡ್ಡ ನಕ್ಷೆಯನ್ನು ಅಜ್ಜಿಯ ಜಗಲಿಯ ಮೇಲೆ ಹಾಸಿ, 'ಯಾವುದು ಹಾಗೇ ಉಳಿಯಬೇಕೋ ಅದರ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿ' ಎಂದು ಅಂಚಿನಲ್ಲಿ ಬರೆದಿಟ್ಟೆ. ಬರೆದಿಟ್ಟರೆ ಮಾತಾಡುವುದು ತಪ್ಪುತ್ತದಲ್ಲ!

ಜನ ಒಬ್ಬೊಬ್ಬರಾಗಿ ಬಂದರು. ಆಚೀಚೆ ನೋಡಿ, ಸರಕ್ಕನೆ ಅಂಟಿಸಿ, ಸೆರಗು ಸರಿಮಾಡಿಕೊಂಡು ಹೊರಟರು. ಸಂಜೆಗೆ ನೋಡಿದರೆ ಕೆಂಪು ಬೀಳದ ಮನೆಯಿಲ್ಲ! ಅದೂ ಯಾರೂ ತಮ್ಮ ಮನೆಗೆ ಅಂಟಿಸಿಕೊಂಡಿಲ್ಲ, ಎಲ್ಲರೂ ಅಕ್ಕಪಕ್ಕದವರ ಮನೆಗೇ. ಎಂಥಾ ಪ್ರೀತಿ ಎಂದು ನನ್ನ ಕಣ್ಣು ತುಂಬಿತು. 'ಇಡೀ ಬೀದಿ ಜಗಲಿ ಸಮೇತ ಉಳಿಯಲಿ, ಜನರ ಒಕ್ಕೊರಲ ಬೇಡಿಕೆ' ಎಂದು ಸಾರ್ ವರದಿ ಕಳಿಸಿದರು. ನಕ್ಷೆ ಬದಲಾಯಿತು.

ಸ್ಟಿಕ್ಕರ್ ನಕ್ಷೆಯನ್ನೂ ಬಿಚ್ಚಿ ಹಿಡಿದುಕೊಂಡೇ ಸುದ್ದಿ ಹೇಳಲು ಓಡಿದೆ. ಅಜ್ಜಿ ಮುಖ ಸಪ್ಪಗೆ ಮಾಡಿ ಕೂತಿದ್ದರು. "ಯಾವತ್ತಮ್ಮಾ ಒಡೆಯೋದು?"

"ಒಡೆಯೋದಾ? ಯಾಕಜ್ಜಿ?"

"ಮೇನ್ ರೋಡ್ ಅಗಲ ಮಾಡಿದಾಗ ಕೆಂಪು ಬಳಿದ ಗೋಡೇನೆಲ್ಲಾ ಒಡೆದ್ರಲ್ಲ."

"ಅಯ್ಯೋ, ಇದು ಬೇರೆ ಅಜ್ಜಿ! ಇಲ್ಲಿ ಕೆಂಪು ಅಂದ್ರೆ ಉಳಿಸಿ ಅಂತ. ಅಂಚಿನಲ್ಲಿ ಬರೆದಿದ್ದೆನಲ್ಲ, ಯಾರೂ ಓದ್ಲಿಲ್ವಾ?"

ಅಜ್ಜಿಯ ಕೈಯಲ್ಲಿದ್ದ ಹೂದಾರ ನಿಂತಿತು. "ಹಾಗಾದ್ರೆ ಆ ಮೇಷ್ಟ್ರ ಮನೆ ಉಳಿಸಿದ್ದು ನಾನಾ? ಐದು ಅಂಟಿಸಿದ್ದೆನಲ್ಲೇ!"

ಎದುರು ಜಗಲಿಯಲ್ಲಿದ್ದ ಮೇಷ್ಟ್ರು ಪೇಪರ್ ಮಡಚಿ ಮೆಲ್ಲಗೆ ಒಳಗೆ ಸರಿದರು. ನಾನು ಗಡಿಬಿಡಿಯಲ್ಲಿ ನಕ್ಷೆ ಸುತ್ತತೊಡಗಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಹೋಗ್ಲಿ ಬಿಡು. ನನ್ ಮನೆ ಮೇಲೆ ಏಳು ಇತ್ತಲ್ಲ, ಅದನ್ನ ಯಾರ್ಯಾರು ಅಂಟಿಸಿದ್ರು? ಹೆಸರಷ್ಟೇ ಹೇಳಮ್ಮಾ, ನಾನೇನೂ ಅನ್ನಲ್ಲ."