ಹೆಂಡತಿಯ ಗಂಟಲು, ನನ್ನ ಸ್ಪಿರಿಫರ್

ನನ್ನ ಹೆಂಡತಿ ಶೈಲಜಾ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಾಳೆ. ನಾನು ವಿಮಾ ಕಚೇರಿಯಿಂದ ನಿವೃತ್ತನಾದವನು. ದೊಡ್ಡ ಗಂಟಲೊಂದನ್ನು ಬಿಟ್ಟರೆ ಬೇರೆ ಅರ್ಹತೆಯಿಲ್ಲ.

ಹೋದ ಭಾನುವಾರ ಚಾಮರಾಜಪೇಟೆಯ ಒಂದು ಮಹಿಳಾ ಸಂಘದಲ್ಲಿ ಅವಳ ಭಾಷಣವಿತ್ತು. ವಿಷಯ ಸ್ಪಿರಿಫರ್. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಬದುಕಿ, ಈಗ ವಂಶವೇ ಅಳಿದು ಕಲ್ಲಾಗಿ ಉಳಿದಿರುವ ಚಿಪ್ಪಿನ ಪ್ರಾಣಿ. ಅವತ್ತು ಬೆಳಿಗ್ಗೆ ಎದ್ದರೆ ಶೈಲಜಾಳ ಧ್ವನಿ ಪೂರ್ತಿ ಹೋಗಿತ್ತು.

"ಯೋಚ್ನೆ ಮಾಡ್ಬೇಡ, ನಾನು ಮಾತಾಡ್ತೀನಿ. ಒಂದು ಚಿಪ್ಪು ತಾನೇ?" ಎಂದೆ.

ಬೇಡ ಎನ್ನಲು ಅವಳಿಗೆ ಧ್ವನಿಯಿರಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಸಭೆಯಲ್ಲಿ, ಅವಳು ತಂದಿದ್ದ ಸ್ಪಿರಿಫರ್ ಕಲ್ಲನ್ನು ಎತ್ತಿ ಹಿಡಿದೆ. ಎರಡೂ ಕಡೆ ರೆಕ್ಕೆ ಚಾಚಿದ ಹಕ್ಕಿಯಂತಿತ್ತು. "ಇದೊಂದು ಕಪ್ಪೆಚಿಪ್ಪು," ಎಂದು ಶುರು ಮಾಡಿದೆ. ಪಕ್ಕದಲ್ಲಿ ನಿಂತಿದ್ದ ಶೈಲಜಾ ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು.

"ಕಪ್ಪೆಚಿಪ್ಪು ಅಲ್ಲ," ಎಂದು ತಿದ್ದಿಕೊಂಡೆ.

ಹಾಗಾದರೆ ಏನು? ಅವಳು ಎರಡೂ ಅಂಗೈ ಜೋಡಿಸಿದಳು. ಕಪ್ಪೆಚಿಪ್ಪಿನ ಎರಡು ಭಾಗಗಳು ಹೀಗೆ ಎಡ-ಬಲವಾಗಿ ಕೂಡುತ್ತವೆ ಎಂದು ತೋರಿಸುತ್ತಿದ್ದಳಂತೆ. ನಾನು "ನಮಸ್ಕಾರ" ಎಂದೆ. ಸಭೆಯೂ ಕೈ ಮುಗಿಯಿತು.

ಅವಳು ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು ತೋರಿಸಿದಳು. ಇದು ನನಗೆ ಹೊಳೆಯಿತು. "ಇದರಲ್ಲಿ ಒಂದು ಚಿಪ್ಪು ಬೆನ್ನಿನ ಕಡೆ, ಇನ್ನೊಂದು ಹೊಟ್ಟೆಯ ಕಡೆ. ಹೊಟ್ಟೆಯದು ದೊಡ್ಡದು," ಎಂದು ಕೆಳಗಿನ ಚಿಪ್ಪನ್ನು ತೋರಿಸಿದೆ. ಅದು ಚಿಕ್ಕದು ಎಂಬಂತೆ ಶೈಲಜಾ ಕಲ್ಲನ್ನು ಮಗುಚಿದಳು. ನಾನು ಈಗ ಮೇಲೆ ಬಂದ ಅದೇ ಚಿಪ್ಪನ್ನು ಪುನಃ ತೋರಿಸಿದೆ. ಅವಳು ಪುನಃ ಮಗುಚಿದಳು.

ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು: "ಈಗ ಹೊಟ್ಟೆ ಯಾವ್ದಪ್ಪಾ?"

"ಈಗ ತಾನೇ ಇಲ್ಲೇ ಇತ್ತಮ್ಮಾ," ಎಂದೆ.

ಅಷ್ಟರಲ್ಲಿ ಶೈಲಜಾ ಎರಡೂ ತೋರುಬೆರಳುಗಳನ್ನು ಗಾಳಿಯಲ್ಲಿ ಗರಗರ ಸುತ್ತತೊಡಗಿದಳು. ನನಗೆ ಗಾಬರಿಯಾಯಿತು. "ಸ್ವಲ್ಪ ನೀರು ಕೊಡ್ರಮ್ಮಾ, ಇವಳಿಗೆ ತಲೆ ಸುತ್ತಂತೆ!" ಇಬ್ಬರು ಹೆಂಗಸರು ಓಡಿಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬೀಸಣಿಗೆಯಿಂದ ಗಾಳಿ ಹಾಕಿದರು. ಅವಳು ಕೊಸರಿಕೊಂಡು ಎದ್ದು, ಕಪ್ಪು ಹಲಗೆಯ ಮೇಲೆ ಚಿಪ್ಪಿನ ಚಿತ್ರ ಬರೆದು, ಒಂದೊಂದು ರೆಕ್ಕೆಯೊಳಗೆ ಒಂದೊಂದು ಸುರುಳಿ ಎಳೆದಳು. ನೀರಿನಿಂದ ಆಹಾರ ಸೋಸುವ ಅಂಗಕ್ಕೆ ಆ ಸುರುಳಿಯೇ ಆಧಾರವಂತೆ. ಇದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಕೊನೆಗೆ ವರ್ಗೀಕರಣ. ಅವಳು ಎಂದೋ ಹೇಳಿದ್ದು ನೆನಪಿತ್ತು. "ಹಿಂದೆ ರೆಕ್ಕೆಯಿದ್ದ ಚಿಪ್ಪನ್ನೆಲ್ಲ ಸ್ಪಿರಿಫರ್ ಎಂದೇ ಕರೆಯುತ್ತಿದ್ದರು. ಆಮೇಲೆ ವ್ಯತ್ಯಾಸ ನೋಡಿ ಎಷ್ಟೋ ಜನಕ್ಕೆ ಬೇರೆ ಹೆಸರಿಟ್ಟು ಬೇರೆ ಮನೆ ಮಾಡಿಕೊಟ್ಟರು," ಎಂದೆ. ಈ ಸಲ ಶೈಲಜಾ ಅಡ್ಡಡ್ಡ ತಲೆಯಾಡಿಸಲಿಲ್ಲ. ನನಗೆ ಜೀವ ಬಂತು.

"ಹಂಗಾದ್ರೆ ನಿಮ್ ಕೈಲಿರೋದು ಸ್ಪಿರಿಫರ್ರೇನಾ?" ಅಜ್ಜಿ ಬಿಡಲಿಲ್ಲ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಭಾಷಣ ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಶೈಲಜಾಳ ಕೈ ಹಿಡಿದುಕೊಂಡರು. "ಎಷ್ಟ್ ಚೆನ್ನಾಗಿ ಅರ್ಥ ಆಯ್ತು ಗೊತ್ತಾ ಮೇಡಂ? ಕೈಯಲ್ಲೇ ಎಲ್ಲಾ ಹೇಳ್ಬಿಟ್ರಿ." ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ನೀವು ಮಧ್ಯೆ ಮಧ್ಯೆ ಮಾತಾಡ್ತಿದ್ರಲ್ಲ ಸರ್, ಅದ್ರಿಂದ ಸ್ವಲ್ಪ ಗೊಂದಲ ಆಯ್ತು, ಅಷ್ಟೇ."

ಶೈಲಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸದ್ದೇನೂ ಬರಲಿಲ್ಲ. ಆದರೂ ಹಿಂದಿನ ಸಾಲಿನವರೆಗೆ ಎಲ್ಲರಿಗೂ ಕೇಳಿಸಿತು.