ಮೂರು ದಿನದ ಚೀಲ

ಸುಮಲತಾ: ಹನ್ನೊಂದರ ಬಸ್ಸಿಗೆ ಮುಗದ ಊರಿಗೆ ಹೊಂಟೇನಿ ಅಂತ ಎಂಟು ದಿನದಿಂದ ಹೇಳಾಕತ್ತೇನಿ. ನಾಳೆ ಕುಬಸ ಇರೂದು ನನ್ನ ಬಸರಿ ತಂಗೀದು, ಭೂಕಂಪದ್ದಲ್ಲ.

ಫಕೀರೇಶ: ಭೂಕಂಪ ತಿಥಿ ವಾರ ನೋಡಿ ಬರೂದಿಲ್ಲ. ಸಂಜಿಕ್ಕ ಕಮಿಟಿಯವರು ಮನಿ ಮನಿಗೆ ಬಂದು ಚೀಲ ನೋಡ್ತಾರ. ಸೆಕ್ರೆಟರಿ ಮನ್ಯಾಗ ಚೀಲ ಇಲ್ಲಂದ್ರ ನನ್ನ ಮಾರಿ ಎಲ್ಲಿಡಲಿ?

ಸುಮಲತಾ: ಅದನ್ನೂ ಚೀಲದಾಗ ಇಡ್ರಿ.

ಗುಜರಾತಿನಲ್ಲಿ ಭೂಮಿ ನಡುಗಿ ಎರಡು ವಾರವಾಗಿತ್ತು. ಸಪ್ತಾಪುರದ ಈ ಓಣಿಯಲ್ಲಿ ಒಂದು ಲೋಟವೂ ಅಲುಗಿರಲಿಲ್ಲ. ಆದರೂ ಓಣಿಯ ಸಂಘ ಸಭೆ ಸೇರಿ, ಹೊತ್ತುಕೊಂಡು ಓಡಲು ಪ್ರತಿ ಮನೆಯ ಬಾಗಿಲಲ್ಲಿ ಮೂರು ದಿನಕ್ಕೆ ಸಾಲುವ ಒಂದು ಚೀಲ ತಯಾರಿರಬೇಕೆಂದು ಠರಾವು ಮಾಡಿತ್ತು. ಸಭೆಗೆ ಹೋದವರೆಲ್ಲ ಗಂಡಸರು. ಸಂಘದ ಕಾರ್ಯದರ್ಶಿ ಫಕೀರೇಶ ಈಗ ಚೀಲದ ಸಾಮಾನಿನ ಯಾದಿ ಹಿಡಿದು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ. ಅವನ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಸತ್ಯವ್ವ ನಡುವಿನ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

ಫಕೀರೇಶ: ಅಲ್ಲಾ, ನೀ ಮೂರು ದಿನ ಹೋದ್ರ ಈ ಮನಿ ನಡಿಯೂದು ಹ್ಯಾಂಗ? ಕುಬಸಕ್ಕ ಸೀರಿ ಕಳಿಸಿದ್ರ ಆತು. ಈಗ ಚೀಲ ತುಂಬೂಣು. ಮೊದಲನೇದು ನೀರು. ಒಬ್ಬರಿಗೆ ಆರು ಲೀಟರ್, ಮೂವರಿಗೆ ಹದಿನೆಂಟು.

ಸುಮಲತಾ: ನಳ ಬಂದು ಐದು ದಿನ ಆತು. ಕೊಡದ ತಳದಾಗಿನ ನೀರು ಅರಬಿಲೆ ಸೋಸಿ ನಿಮಗ ಚಾ ಮಾಡಿ ಕೊಟ್ಟೇನಿ. ಇದ್ದದ್ದು ಚೀಲಕ್ಕ ಕುಡಸಲ್ಯೋ, ನಿಮಗೋ?

ಫಕೀರೇಶ: ನಾಳೆ ನಳ ಬಂದಾಗ ತುಂಬಿಡು. ವಾರಕ್ಕೊಮ್ಮೆ ಬದಲಿ ಮಾಡಬೇಕು ಅಂತ ಯಾದಿಯಾಗ ಐತಿ.

ಸುಮಲತಾ: ಯಾರು ಮಾಡಬೇಕಂತ ಐತ್ರಿ?

ಫಕೀರೇಶ: ಯಾರು ಅಂದ್ರ... ಹೆಸರೇನೂ ಬರದಿಲ್ಲ.

ಸತ್ಯವ್ವ: ಹೆಸರು ಬರೀದ ಕೆಲಸ ಎಲ್ಲಾ ನಮ್ಮದ ಅಂತ ತಿಳ್ಕೊ ತಂಗಿ.

ಫಕೀರೇಶ: ಅವ್ವಾ, ನೀ ಸೊಪ್ಪು ನೋಡು. ಎರಡನೇದು ಸೀಟಿ. ಗ್ವಾಡಿ ಕೆಳಗ ಸಿಕ್ಕಾಗ ಊದಿದ್ರ ಮಂದಿ ಓಡಿ ಬರ್ತಾರ.

ಸುಮಲತಾ: ಆರು ವರ್ಷದಿಂದ ಅಡಗಿಮನ್ಯಾಗ ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ. ಒಬ್ಬರರ ಓಡಿ ಬಂದ್ರೇನು?

ಫಕೀರೇಶ: ಮುಂದ ಕೇಳು. ಟಾರ್ಚು, ಸೆಲ್ಲು, ಕಡ್ಡಿಪೆಟಗಿ, ಗುಳಗಿ, ಒಬ್ಬೊಬ್ಬರಿಗೆ ಒಂದು ಜೋಡಿ ಅರಬಿ.

ಸುಮಲತಾ: ಇಷ್ಟೆಲ್ಲಾ ಹೊರವರು ಯಾರು?

ಫಕೀರೇಶ: ನಾ ಸೆಕ್ರೆಟರಿ, ಮನಿ ಮನಿಗೆ ಹೋಗಿ ಎಚ್ಚರ ಮಾಡಬೇಕು. ನೀ ಹೊರು. ಇನ್ನೊಂದು ಕೈಯಾಗ ಅವ್ವನ್ನ ಹಿಡಕೊ.

ಸುಮಲತಾ ಹಂಚು ಇಳಿಸಿದಳು. ಕೈಯ ಹಿಟ್ಟು ತೊಳೆದು ಪಡಸಾಲೆಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಬೆಳಗಿನಿಂದ ಆಕೆ ಕೂತದ್ದು ಅದೇ ಮೊದಲು.

ಫಕೀರೇಶ: ಯಾಕ ಕುಂತಿ?

ಸುಮಲತಾ: ಭೂಕಂಪ ಆತು. ನಾ ಗ್ವಾಡಿ ಕೆಳಗ ಸಿಕ್ಕೇನಿ. ನೀವ ತುಂಬ್ರಿ.

ಫಕೀರೇಶ: ಚ್ಯಾಷ್ಟಿ ಸಾಕು.

ಸುಮಲತಾ: ಚ್ಯಾಷ್ಟಿ ಅಲ್ಲರಿ. ಯಾವ ಸಾಮಾನು ಎಲ್ಲೈತಿ ಅಂತ ಕಮಿಟಿಯವರು ಕೇಳಿದ್ರ ಸೆಕ್ರೆಟರಿ ಹೆಂಡ್ತಿ ಮಾರಿ ನೋಡಬೇಕೇನು?

ಆ ಮಾತು ನಾಟಿತು. ಫಕೀರೇಶ ಎದ್ದು ಒಳಗೆ ಹೋದ. ಡಬ್ಬಿಗಳ ಮುಚ್ಚಳ ಒಂದೊಂದಾಗಿ ಬೀಳುವ ಸದ್ದು ಕೇಳಿಸಿತು.

ಫಕೀರೇಶ: ಕಡ್ಡಿಪೆಟಗಿ ಎಲ್ಲೈತಿ?

ಸತ್ಯವ್ವ: ಆಕಿ ಗ್ವಾಡಿ ಕೆಳಗ ಅದಾಳಲ್ಲೋ. ಹ್ಯಾಂಗ ಹೇಳ್ತಾಳ?

ಫಕೀರೇಶ: ನೀನರ ಹೇಳವ್ವಾ.

ಸತ್ಯವ್ವ: ಅದ ಗ್ವಾಡಿ ನನ್ನ ಮ್ಯಾಲೂ ಬಿದ್ದೈತಿ.

ಫಕೀರೇಶ: ನನ್ನ ಬನಿಯನ್ನು? ಸೆಲ್ಲು? ಇದು ಅವ್ವನ ಬಿ.ಪಿ. ಗುಳಗಿ ಹೌದಲ್ಲ?

ಸುಮಲತಾ: ಅದು ನಿಮ್ಮ ಹೊಟ್ಟಿ ಸಾಫ್ ಆಗೂ ಗುಳಗಿ. ಇದೊಂದು ಹೇಳಾಕಂತ ಗ್ವಾಡಿ ಸರಿಸಿ ಬಂದೇನಿ.

ಮುಕ್ಕಾಲು ತಾಸಿನ ಮೇಲೆ ಚೀಲ ಪಡಸಾಲೆಗೆ ಬಂತು. ಹಿಂದೆ ಫಕೀರೇಶ, ತಲೆಯ ಮೇಲೆ ಗೋದಿಹಿಟ್ಟು. ಚೀಲದಲ್ಲಿ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ, ಟಾರ್ಚು, ಅರಿವೆ ಎಲ್ಲ ಇದ್ದವು. ರೊಟ್ಟಿ ಬಡಿದವರು, ಹಿಂಡಿ ಕುಟ್ಟಿದವರು, ಅರಿವೆ ಒಗೆದವರು ಯಾರೆಂದು ಅವನಿಗೆ ನೆನಪಾಗಲಿಲ್ಲ.

ಫಕೀರೇಶ: ನೋಡು, ಒಬ್ಬನ ತಯಾರು ಮಾಡೇನಿ. ಛತ್ತು ಬೀಳಲಿ, ಒಲಿ ಹೋಗಲಿ, ಯಾರೂ ಬರದ ಇರಲಿ, ಮೂರು ದಿನ ಏನೂ ಚಿಂತಿಲ್ಲ.

ಸುಮಲತಾ: ಖರೇನ? ಒಲಿ ಇಲ್ಲದ?

ಫಕೀರೇಶ: ಒಲಿ ಇಲ್ಲದ.

ಸುಮಲತಾ: ಹೆಂಡ್ತಿ ಇಲ್ಲದ?

ಫಕೀರೇಶ ಯಾದಿಯ ಮೇಲೆ ಕಣ್ಣಾಡಿಸಿದ.

ಫಕೀರೇಶ: ಯಾದಿಯಾಗ ಹೆಂಡ್ತಿ ಇಲ್ಲ.

ಸುಮಲತಾ ಒಳಗೆ ಹೋದಳು. ಸೀರೆ ಬದಲಿಸಿ, ತಂಗಿಗೆ ತಂದ ಹಸಿರು ಸೀರೆ, ಖಣ, ಬಳೆಗಳಿದ್ದ ಕೈಚೀಲ ಹಿಡಿದು ಬಂದಳು.

ಸುಮಲತಾ: ಹಂಗಾದ್ರ ಹೋಗಿ ಬರ್ತೇನ್ರಿ. ಛತ್ತು ಬಿದ್ದಿಲ್ಲ, ಒಲಿನೂ ಐತಿ. ಭೂಕಂಪದಾಗ ಇರೂದಕ್ಕಿಂತ ಛಲೋ ಇರ್ತೀರಿ.

ಫಕೀರೇಶ: ಅದು ಭೂಕಂಪ ಆದ್ರ ಅಂತ ಹೇಳಿದ್ದು. ಏನೂ ಆಗದ ಇದ್ರ ಹ್ಯಾಂಗ ಇರೂದು? ನಳ ಬಂದ್ರ ನೀರು ಯಾರು ತುಂಬ್ತಾರ? ಅವ್ವಗ ಅನ್ನ ಯಾರು ಮಾಡ್ತಾರ? ಅವ್ವಾ, ನೀನರ ಹೇಳು ಈಕಿಗೆ.

ಸತ್ಯವ್ವ ಸೋಸಿದ ಸೊಪ್ಪಿನ ಬುಟ್ಟಿಯನ್ನು ಮಗನ ಕೈಗಿತ್ತಳು. ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿ ಸೊಸೆಯ ಪಕ್ಕ ನಿಂತಳು.

ಫಕೀರೇಶ: ನೀ ಎಲ್ಲಿಗೆ ಹೊಂಟಿ?

ಸತ್ಯವ್ವ: ಇಂಥಾ ಹೊತ್ತಿನಾಗ ಮೊದಲ ಹೆಂಗಸರನ್ನ, ಮುದುಕರನ್ನ ಹೊರಗ ಕಳಸ್ತಾರಂತ. ಬಾಗಲಾ ಬಿಟ್ಟು ನಿಲ್ಲು, ಸೆಕ್ರೆಟರಿ.